ಕೊರಾದೊನ ಹೆಬ್ಬೆರಳು

"ಲೊರೆದಾನಾ ಮೊದಲ ಸಲ ಈ ಹಾಡು ಹಾಡಿದ ದಿನ ರಿಯೇಕಾ ಊರಲ್ಲಿ ಗಾಳಿ ನಿಂತುಹೋಯ್ತು," ಎಂದ ಕೊರಾದೊ ಮೈಕಿನಲ್ಲಿ. "ಯಾವುದೋ ತಂಗಾಳಿ ಅಲ್ಲ. ಮಾರ್ಚ್ ತಿಂಗಳ ಬುರಾ. ಲಾರಿ ಮಗುಚಿ ಹಾಕೋ ಗಾಳಿ. ಮೂರು ನಿಮಿಷ ಹನ್ನೆರಡು ಸೆಕೆಂಡು ಊರಲ್ಲಿ ಒಂದೆಲೆ ಅಲ್ಲಾಡ್ಲಿಲ್ಲ. ಬಂದರಿನ ಮೇಲೆ ಹಾರ್ತಾ ಇದ್ದ ನಲವತ್ತು ಕಡಲಹಕ್ಕಿ ಆಧಾರ ತಪ್ಪಿ ದಬದಬ ಅಂತ ನೀರಿಗೆ ಬಿದ್ವು. ಬೇಕಾದ್ರೆ ಬಂದರು ಕಚೇರಿ ದಾಖಲೆ ತೆಗೆಸಿ ನೋಡಿ."

"ಹೋದ್ಸಲ ಇಪ್ಪತ್ತು ಹಕ್ಕಿ ಇತ್ತು," ಎಂದಳು ಲೊರೆದಾನಾ, ತಲೆಯೆತ್ತದೆ, ಗಿಟಾರಿನ ತಂತಿ ಬಿಗಿ ಮಾಡುತ್ತ.

"ಇನ್ನಿಪ್ಪತ್ತು ಆಮೇಲೆ ತೇಲಿ ಬಂದ್ವು."

ಸಭೆ ನಕ್ಕಿತು. ಕೊರಾದೊನ ಲೆಕ್ಕದಲ್ಲಿ ಅವತ್ತು ಎರಡು ಸಾವಿರ ಜನ. ಕುರ್ಚಿ ಹಾಕಿದವರ ಲೆಕ್ಕದಲ್ಲಿ ಎಂಬತ್ತು. ಅದರಲ್ಲಿ ಮೂರು ಖಾಲಿ, ಒಂದರ ಮೇಲೆ ಯಾರದೋ ಕೋಟು. ಹಳೆಯ ಮಂಜುಗಡ್ಡೆ ಕಾರ್ಖಾನೆಯ ಆ ಹಾಲಿನಲ್ಲಿ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಕಾರ್ಯಕ್ರಮ ಇಟ್ಟುಕೊಳ್ಳುವ ಅಭ್ಯಾಸ ಈಚಿನದು. ಮೊದಲೆಲ್ಲ ರಾತ್ರಿ ಹತ್ತಕ್ಕೆ ಶುರುವಾಗುತ್ತಿತ್ತು. ಈಗ ಕೇಳುವವರಿಗೂ ಮಧ್ಯಾಹ್ನ ಊಟವಾದ ಮೇಲೆ ಒಂದು ನಿದ್ದೆ ಬೇಕು, ಹಾಡುವವರಿಗೂ ಬೇಕು.

ಇಬ್ಬರ ಜೋಡಿಯ ಹೆಸರು 'ರಾಟೆಹಗ್ಗ'. ಎದುರುಬದುರು ಮನೆಗಳ ನಾಲ್ಕನೇ ಮಹಡಿಯ ಕಿಟಕಿಗಳ ನಡುವೆ, ಬೀದಿಯ ಮೇಲೆ, ರಾಟೆಗಳ ಮೇಲೆ ಓಡುವ ಬಟ್ಟೆಹಗ್ಗವೇ ಅವರನ್ನು ಕೂಡಿಸಿದ್ದು. ಆ ಕಡೆ ಕಿಟಕಿ ಅವಳದು, ಈ ಕಡೆ ಕಿಟಕಿ ಅವನದು, ಹಗ್ಗ ಇಬ್ಬರದೂ. ಒಂದು ದಿನ ಅವಳು ಹಗ್ಗ ಎಳೆದಾಗ ತನ್ನ ಲಂಗದ ಬದಲು ಅವನ ನೀಲಿ ಅಂಗಿ ಕೈಗೆ ಬಂತು. ಅದನ್ನು ಅವಳು ಹಿಂದಿರುಗಿಸಲಿಲ್ಲ, ಹಾಡು ಮಾಡಿದಳು. 'ಅಂಗಿಯ ತೋಳು.' ಅವಳು ಹಾಡು, ಗಿಟಾರು. ಅವನು ಬೇಸ್ ಗಿಟಾರು, ಎರಡನೆಯ ದನಿ, ಮತ್ತು ಸುಳ್ಳು. ತಾಳದ ಪೆಟ್ಟಿಗೆ ಅವಳ ಕಾಲ ಬಳಿ.

"ಹೆಬ್ಬೆರಳು ತೋರ್ಸು ಕೊರಾದೊ," ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಪ್ರತಿ ಸಲವೂ ಯಾರಾದರೂ ಕೂಗುತ್ತಾರೆ.

ಕೊರಾದೊ ಬಲಗೈ ಹೆಬ್ಬೆರಳನ್ನು ಎತ್ತಿ ಹಿಡಿದ. ಇಡೀ ಯುಗೊಸ್ಲಾವಿಯಾದಲ್ಲೇ ಅತಿ ದಡ್ಡ ಹೆಬ್ಬೆರಳು ಎಂದು ಹೆಸರಾದದ್ದು ಅದು. ದೇಶ ಹೋಯಿತು, ಬಿರುದು ಉಳಿಯಿತು. ಸಭೆ ಚಪ್ಪಾಳೆ ತಟ್ಟಿತು. ಲೊರೆದಾನಾ ಪಾದದಿಂದ ಪೆಟ್ಟಿಗೆಯ ಗುಂಡಿ ಒತ್ತಿದಳು, ತಾಳ ಶುರುವಾಯಿತು.

ಹೆಬ್ಬೆರಳಿನ ಕಥೆ ಊರಿಗೆಲ್ಲ ಗೊತ್ತು. ಎಂಬತ್ತೇಳನೇ ಇಸವಿ. ಲೊರೆದಾನಾಗೆ ಇಪ್ಪತ್ತನಾಲ್ಕು ವರ್ಷ. ಗಡಿಯಾಚೆ ಇಟಲಿಯ ತ್ರಿಯೆಸ್ತೆಯಿಂದ ಹೊರಡುವ ಪ್ರವಾಸಿ ಹಡಗೊಂದರಲ್ಲಿ ಅವಳಿಗೆ ಹಾಡುವ ಕೆಲಸ ಸಿಕ್ಕಿತ್ತು. ಬಿಳಿ ಹಡಗು. ಕೊರಾದೊ ಹೇಳುವ ಹಾಗೆ ಅದರ ಮುಂದಿನ ತುದಿ ತ್ರಿಯೆಸ್ತೆಯಲ್ಲಿದ್ದರೆ ಹಿಂದಿನ ತುದಿ ವೆನಿಸ್‌ನಲ್ಲಿ ಇರುತ್ತಿತ್ತು. ರಾತ್ರಿ ಒಂಬತ್ತಕ್ಕೆ ಲಂಗರು ಎತ್ತುವುದು. ರಿಯೇಕಾದಿಂದ ಐದೂ ಹತ್ತರ ಬಸ್ಸು ಹಿಡಿದರೆ ಸರಿ. ಅದು ತಪ್ಪಿದರೆ ಮುಂದಿನದು ಮರುದಿನ ಬೆಳಿಗ್ಗೆ. ಸೂಟ್‌ಕೇಸು ಬಾಗಿಲಲ್ಲಿತ್ತು. ಹೋಗುವ ಮುಂಚೆ ನೆನಪಿಗೆ ಒಂದು ಹಾಡು ಇಟ್ಟು ಹೋಗುತ್ತೇನೆ ಎಂದು ಲೊರೆದಾನಾ ಅವನ ಅಡುಗೆಮನೆಯಲ್ಲಿ ನಿಂತು 'ಅಂಗಿಯ ತೋಳು' ಹಾಡಿದಳು. ಕ್ಯಾಸೆಟ್ ಡೆಕ್ಕಿನಲ್ಲಿ ಕೆಂಪು ಗುಂಡಿಯನ್ನೂ ಕಪ್ಪು ಗುಂಡಿಯನ್ನೂ ಒಟ್ಟಿಗೆ ಒತ್ತಬೇಕು. ಈ ಪುಣ್ಯಾತ್ಮ ಮರೆತ. ಅವಳು ಬೈದು, ನಕ್ಕು, ಇನ್ನೊಂದು ಸಲ ಹಾಡಿದಳು. ಈ ಸಲ ಗುಂಡಿ ಒತ್ತಿದ್ದ. ಹಾಡು ಮುಗಿಯುವಷ್ಟರಲ್ಲಿ ಬಸ್ಸು ಸಿಗುವ ಹೊತ್ತು ಮೀರಿತ್ತು.

ಆ ಎರಡನೆಯ ಹಾಡಿನ ಕೊನೆಯಲ್ಲಿ 'ಟಕ್, ಟಕ್' ಎಂದು ಎರಡು ಸದ್ದಿದೆ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿದು ಊರೂರು ಸುತ್ತಿದ ಹಾಡು ಅದೇ, ಹುಡುಗರು ಹುಡುಗಿಯರಿಗೆ ಉಡುಗೊರೆ ಕೊಟ್ಟ ಹಾಡು ಅದೇ. ಎರಡು ಸದ್ದು ಬಂದಾಗ ಜನ ಈಗಲೂ ಎರಡು ಸಲ ಚಪ್ಪಾಳೆ ತಟ್ಟುತ್ತಾರೆ. ಅದು ಲೊರೆದಾನಾ ಗಡಿಯಾರ ನೋಡಿ, ಒಂದು ಕ್ಷಣ ನಿಂತು, ಸೂಟ್‌ಕೇಸಿನ ಚಿಲಕಗಳನ್ನು ತೆರೆದ ಸದ್ದು. ಮನೆಯಲ್ಲಿ ಹಾಕಿಕೊಳ್ಳುವ ಚಪ್ಪಲಿ ಒಳಗಿತ್ತು, ಅದಕ್ಕೆ.

ಆ ಶರತ್ಕಾಲದಲ್ಲಿ ಮದುವೆಯಾಯಿತು. ಅವತ್ತಿನಿಂದ ಈವತ್ತಿನವರೆಗೆ, ಮೂವತ್ತಾರು ವರ್ಷ, ಅವರ ಯಾವ ಯಂತ್ರದ ಯಾವ ಗುಂಡಿಯನ್ನೂ ಕೊರಾದೊ ಒತ್ತಿಲ್ಲ. ಲೊರೆದಾನಾ ಬಿಡುವುದಿಲ್ಲ. ಲಿಫ್ಟಿನ ಗುಂಡಿಯನ್ನೂ ಅವಳೇ ಒತ್ತುತ್ತಾಳೆ ಎಂದು ಊರಿನವರು ಹೇಳುತ್ತಾರೆ. ಅದು ನಿಜ.

ಮಧ್ಯಂತರದಲ್ಲಿ ದೂನ್ಯಾ ಬಂದಳು. ಜಾಗ್ರೆಬ್‌ನಲ್ಲಿ ಅವಳದೊಂದು ಚಿಕ್ಕ ರೆಕಾರ್ಡ್ ಕಂಪನಿ. ನಲವತ್ತು ದಾಟಿದ ಹೆಂಗಸು, ಕುತ್ತಿಗೆಯಲ್ಲಿ ಎರಡು ಕನ್ನಡಕ. 'ರಾಟೆಹಗ್ಗ'ದ ಹಳೆಯ ಹಾಡುಗಳನ್ನು ಮತ್ತೆ ತರುವುದು ಅವಳ ಯೋಜನೆ. ಲೊರೆದಾನಾ ಗೆಳತಿಯರ ನಡುವೆ ಸಿಕ್ಕಿಕೊಂಡಿದ್ದಳು. ದೂನ್ಯಾ ಕೊರಾದೊನ ತೋಳು ಹಿಡಿದು ಮೆಟ್ಟಿಲ ಕೆಳಗೆ ಎಳೆದಳು.

"ಬಾರ್ಬಾ, ಒಂದು ಮಾತು."

ಈ ಕರಾವಳಿಯಲ್ಲಿ ವಯಸ್ಸಾದ ಗಂಡಸರೆಲ್ಲ ಬಾರ್ಬಾ. ಹಡಗು ನಡೆಸಿದವನೂ ಬಾರ್ಬಾ, ಬರೀ ಬಾಯಿ ನಡೆಸಿದವನೂ ಬಾರ್ಬಾ.

"ಹೇಳಮ್ಮಾ. ಎಷ್ಟು ಲಕ್ಷ ಪ್ರತಿ ಹಾಕ್ತೀಯ?"

"ಮುನ್ನೂರು. ಅದಲ್ಲ ವಿಷ್ಯ." ಅವಳು ಚೀಲದಿಂದ ಒಂದು ಕ್ಯಾಸೆಟ್ ತೆಗೆದಳು. ಹಳದಿ ತಿರುಗಿದ ಚೀಟಿಯ ಮೇಲೆ ಲೊರೆದಾನಾಳ ಇಪ್ಪತ್ತನಾಲ್ಕರ ಅಕ್ಷರ. "ಮೂಲ ಕ್ಯಾಸೆಟ್ಟು ಸ್ವೀಡನ್ನಿನವನೊಬ್ಬ ಕದ್ದ ಅಂದ್ರಿ. ಆಮೇಲೆ ನಾಯಿ ತಿಂತು ಅಂದ್ರಿ."

ಕೊರಾದೊ ಕ್ಯಾಸೆಟ್ಟನ್ನೇ ನೋಡಿದ. ಬಾಯಿ ತೆರೆದ. ಒಳಗೆ ಏನೂ ಇರಲಿಲ್ಲ. ಅರವತ್ತೆರಡು ವರ್ಷದಲ್ಲಿ ಅಂಥದ್ದು ಅದೇ ಮೊದಲು.

"ನಿಮ್ಮಪ್ಪನ ಅಕಾರ್ಡಿಯನ್ ಪೆಟ್ಟಿಗೆ ಅಸ್ತರಿನೊಳಗೆ ಸಿಕ್ತಂತೆ. ಹೊದಿಕೆಗೆ ಫೋಟೋ ಹುಡುಕ್ವಾಗ. ಲೊರೆದಾನಾ ಅವ್ರು ಹಾಕಿ ಕೇಳದೇನೇ ನಂಗೆ ಕಳ್ಸಿದ್ರು, ನಿಮಗೆ ಆಶ್ಚರ್ಯ ಮಾಡ್ಬೇಕು ಅಂತ." ದೂನ್ಯಾ ದನಿ ತಗ್ಗಿಸಿದಳು. "ಆ ಹಾಡಿಗಿಂತ ಮುಂಚೆ ಅದರಲ್ಲಿ ಇನ್ನೊಂದಿದೆ ಬಾರ್ಬಾ."

"ಗೊತ್ತು."

"ಅದು ಬಿಟ್ಟುಬಿಡ್ಬಹುದು. ನಾನು ಎರಡನೇದು ಮಾತ್ರ ಹಾಕ್ತೀನಿ, ಯಾರಿಗೂ ಗೊತ್ತಾಗಲ್ಲ. ಆದ್ರೆ ಹಾಡುಗಾರಿಕೆ ಅಂತ ಕೇಳಿದ್ರೆ, ಮೊದಲನೇದರ ಮುಂದೆ ಎರಡನೇದು ಏನೂ ಅಲ್ಲ. ಅದೂ ನಿಮ್ಗೆ ಗೊತ್ತಿರ್ಬೇಕು."

ಗೊತ್ತಿತ್ತು. ಅದಕ್ಕೇ ಅಳಿಸಲಿಲ್ಲ. ಮೂವತ್ತಾರು ವರ್ಷದಲ್ಲಿ ಅವನು ಆ ಪೆಟ್ಟಿಗೆಯನ್ನು ನೂರು ಸಲ ತೆರೆದಿದ್ದಾನೆ. ಅಲ್ಲ, ನಾಲ್ಕು ಸಲ. ನಾಲ್ಕು ಸಲವೂ ಅಳಿಸಬೇಕು ಎಂದೇ ತೆರೆದು, ಹಾಗೇ ಮುಚ್ಚಿದ್ದಾನೆ.

"ಬಿಟ್ಬಿಡು," ಎಂದ ಕೊರಾದೊ.

ನಕಲು ಇಳಿಸಿಕೊಂಡಾಗಿದ್ದ ಆ ಕ್ಯಾಸೆಟ್ಟನ್ನು ದೂನ್ಯಾ ಅವನ ಕೈಗಿಟ್ಟಳು. ಅದರ ಜೊತೆ ಒಂದು ಖಾಲಿ ಕ್ಯಾಸೆಟ್ಟನ್ನೂ ಇಟ್ಟಳು. "ಹಾಡಿನ ಕಥೆ ನಿಮ್ಮ ದನೀಲಿ ಬೇಕು, ಗಾಳಿ ನಿಂತದ್ದು, ಹಕ್ಕಿ ಬಿದ್ದದ್ದು. ಅದೇ ಹಳೇ ಡೆಕ್ಕಲ್ಲಿ ಮಾಡಿ, ಅದೇ ಸರಸರ ಸದ್ದು ಬರುತ್ತೆ. ನನಗೆ ಎರಡು ಗಂಟೆಗೆ ರೈಲು. ಬುಧವಾರ ಬಂದು ತಗೋತೀನಿ."

ಎರಡನೆಯ ಅರ್ಧದಲ್ಲಿ ಕೊರಾದೊ ಒಂದೇ ಒಂದು ಸುಳ್ಳೂ ಹೇಳಲಿಲ್ಲ. ತಂತಿ ಬಿಗಿ ಮಾಡುವಾಗ ಸಭೆಯಲ್ಲಿ ಮೌನ. ಲೊರೆದಾನಾ ಎರಡು ಸಲ ಅವನತ್ತ ನೋಡಿದಳು. ಮೂರನೆಯ ಸಲ ಮೈಕಿನಲ್ಲಿ, "ನಮ್ಮ ಯಜಮಾನ್ರಿಗೆ ಗಂಟಲು ಕೆಟ್ಟಿದೆ, ನಿಜ ಅಡ್ಡ ಸಿಕ್ಕಿರ್ಬೇಕು," ಎಂದಳು. ಎಂಬತ್ತು ಜನ ನಕ್ಕರು.

ಮನೆಗೆ ಬಂದಾಗ ಎರಡೂವರೆ. ಈಗ ಅವರಿರುವುದು ಅವನ ಕಡೆಯ ಕಿಟಕಿಯ ಮನೆ. ಎದುರಿನದನ್ನು ಯಾರೋ ದಂತವೈದ್ಯರು ಕೊಂಡಿದ್ದಾರೆ, ಹಗ್ಗ ಮಾತ್ರ ಹಂಚಿಕೆ. ಲೊರೆದಾನಾ ಬೂತಾಯಿ ಮೀನಿನ ಪೊಟ್ಟಣ ಬಿಚ್ಚಿ ಬೋಗುಣಿಗೆ ಸುರಿದಳು, ಆಲೂಗಡ್ಡೆ ಬೇಯಲು ಇಟ್ಟಳು. ಆಮೇಲೆ ಕೈ ಒರೆಸಿಕೊಂಡು ನೆಟ್ಟಗೆ ಬಂದು, ಬಾಗಿಲ ಹಿಂದೆ ತೂಗುಹಾಕಿದ್ದ ಅವನ ಕೋಟಿನ ಜೇಬಿಗೆ ಕೈಹಾಕಿದಳು.

"ಕೊಟ್ಟಳಲ್ವಾ? ನಂಗೆ ಗೊತ್ತು. ನಿನ್ನ ಮುಖ ನೋಡಿದಾಗ್ಲೇ ಗೊತ್ತಾಯ್ತು. ಆಶ್ಚರ್ಯ ಆಯ್ತಾ?"

"ಆಯ್ತು."

"ಅಕಾರ್ಡಿಯನ್ ಪೆಟ್ಟಿಗೇಲಿತ್ತು ಕಣೋ. ನಿಮ್ಮಪ್ಪನೇ ಎಲ್ಲೋ ಎತ್ತಿಟ್ಟಿರ್ಬೇಕು, ಪಾಪ. ಹಾಕ್ಲಾ?"

"ಮೊದ್ಲು ಊಟ ಮಾಡೋಣ. ಮೀನು ತಣ್ಣಗಾಗುತ್ತೆ."

"ಮೀನು ಇನ್ನೂ ಹಸಿ ಇದೆ ಕೊರಾದೊ."

"ಡೆಕ್ಕಿನ ಬೆಲ್ಟು ಹೋಗಿದೆ. ಮೊನ್ನೆ ನೋಡ್ದೆ. ತುಂಡು ತುಂಡು. ಒಳಗೆ ಇಲಿ ಮರಿ ಹಾಕಿದೆ, ಹನ್ನೊಂದು."

"ಗುಂಡಿ ಒತ್ತದೇ ಇರೋನು ಡೆಕ್ಕಿನೊಳಗೆ ಹ್ಯಾಗೆ ನೋಡ್ದೆ?" ಎಂದು ನಗುತ್ತ ಅವಳು ಉಪ್ಪಿನ ಭರಣಿಯ ಪಕ್ಕದಲ್ಲಿದ್ದ ಡೆಕ್ಕಿಗೆ ಕ್ಯಾಸೆಟ್ ಹಾಕಿ ಕಪ್ಪು ಗುಂಡಿ ಒತ್ತಿದಳು.

ಸರಸರ ಸದ್ದು. ಕುರ್ಚಿ ಎಳೆದ ಸದ್ದು. ಹುಡುಗನೊಬ್ಬನ ಕೆಮ್ಮು. ಆಮೇಲೆ ಕಿಟಕಿಯ ಗಾಜು ದಡದಡ ಅದುರುವುದು, ಹೊರಗೆ ಗಾಳಿ ಬೀದಿಯುದ್ದಕ್ಕೂ ಊಳಿಡುವುದು.

"ಗಾಳಿ ಕೇಳು," ಎಂದಳು ಲೊರೆದಾನಾ, ಖುಷಿಯಿಂದ. "ನಿಂತಿತ್ತಂತೆ. ಬಾಯಿಬಡುಕ."

ಹಾಡು ಶುರುವಾಯಿತು. *ಗಾಳಿ ಬಂದರೆ ಮಾತ್ರ ನಿನ್ನಂಗಿಯ ತೋಳು ನನಗೆ ಕೈಬೀಸುತ್ತದೆ.* ಅವಳು ಸ್ಟೂಲಿನ ಮೇಲೆ ಕೂತಳು. ಎರಡು ಸಾಲಾಗುವಷ್ಟರಲ್ಲಿ ಅವಳ ನಗು ಸಣ್ಣಗಾಯಿತು. ಊರೆಲ್ಲ ಬಲ್ಲ ಹಾಡಿನಲ್ಲಿ ಒಂದು ಆತುರವಿದೆ, ಪ್ರತಿ ಸಾಲಿನ ತುದಿಯಲ್ಲಿ ದನಿ ಗಡಿಯಾರದ ಕಡೆಗೆ ತಿರುಗಿದ ಹಾಗೆ. ಇದರಲ್ಲಿ ಅದಿಲ್ಲ. ಇಲ್ಲಿರುವ ಹುಡುಗಿಗೆ ಹೊತ್ತು ಬೇಕಾದಷ್ಟಿದೆ. ಅವಳು ಪ್ರತಿ ಮಾತನ್ನೂ ಮಡಿಸಿ ಇಡುವ ಹಾಗೆ ಹಾಡುತ್ತಿದ್ದಾಳೆ, ಹೋಗುವವರು ಬಿಟ್ಟುಹೋಗುವ ಬಟ್ಟೆ ಮಡಿಸುವ ಹಾಗೆ.

"ಇದು ಅದಲ್ಲ," ಎಂದಳು ಲೊರೆದಾನಾ. "ಇದ್ಯಾವಾಗ ಹಾಡಿದ್ದು?"

ಕೊರಾದೊ ಬೋಗುಣಿಯ ಮೀನುಗಳನ್ನು ನೋಡುತ್ತಿದ್ದ. ಹಾಡು ಮುಗಿಯಿತು. ಗಾಳಿ. ಗಾಜು. ಆಮೇಲೆ ಹತ್ತಿರದಿಂದಲೇ, ಆ ಹುಡುಗಿಯ ಮಾತು:

"ಆಯ್ತಾ? ಸಿಕ್ತಾ?"

ಹುಡುಗನ ದನಿ, ಡೆಕ್ಕಿಗೆ ಬೆನ್ನು ಕೊಟ್ಟು ನಿಂತಿದ್ದರಿಂದ ಸ್ವಲ್ಪ ಮಬ್ಬಾಗಿ:

"ಅಯ್ಯೋ, ಲೋರೆ. ಒತ್ತೋದೇ ಮರ್ತುಬಿಟ್ಟೆ."

"ಮರ್ತ್ಯಾ? ಎಂಥಾ ಕತ್ತೆ ನೀನು. ಎಷ್ಟು ಗಂಟೆ ಈಗ?"

ಅಷ್ಟೆ. ಕಟ್ ಎಂದು ಟೇಪು ನಿಂತ ಸದ್ದು. ಮತ್ತೆ ಕಟ್ ಎಂದು ಶುರುವಾಗಿ, ಊರೆಲ್ಲ ಬಲ್ಲ ಹಾಡು, ಊರೆಲ್ಲ ಬಲ್ಲ ಆತುರ.

ಮೊದಲ ಹಾಡು ಅಲ್ಲಿದೆಯೆಂದು ಕೊರಾದೊಗೆ ಗೊತ್ತಿತ್ತು. ಆ ವಾರವೇ ಎರಡನೆಯದನ್ನಷ್ಟೇ ಬೇರೆ ಕ್ಯಾಸೆಟ್ಟಿಗೆ ಇಳಿಸಿ ಇದನ್ನು ಬಚ್ಚಿಟ್ಟವನು ಅವನೇ. ತನ್ನ ಮಾತೂ ಅದರೊಳಗೆ ಸೇರಿಕೊಂಡಿದೆ ಎಂದು ಗೊತ್ತಿರಲಿಲ್ಲ. ನಾಲ್ಕು ಸಲ ಪೆಟ್ಟಿಗೆ ತೆರೆದವನು ಒಂದು ಸಲವೂ ಕೇಳಿರಲಿಲ್ಲ. ಗುಂಡಿ ಒತ್ತದೆ ಕೇಳುವುದು ಹೇಗೆ?

ಲೊರೆದಾನಾ ಡೆಕ್ಕು ನಿಲ್ಲಿಸಿದಳು. ಒಲೆಯ ಮೇಲೆ ಆಲೂಗಡ್ಡೆ ಕುದಿಯುತ್ತಿತ್ತು, ಅದನ್ನೂ ಆರಿಸಿದಳು. ಮೇಜಿಗೆ ಬಂದು ಎದುರು ಕೂತಳು.

"ಹೆಬ್ಬೆರಳು ತೋರ್ಸು."

ಅವನು ಕೈಯನ್ನು ಮೇಜಿನ ಮೇಲಿಟ್ಟ. ಎತ್ತಿ ಹಿಡಿಯಲಿಲ್ಲ. ಅವಳು ಅದನ್ನು ಸಂತೆಯಲ್ಲಿ ಮೀನಿನ ಕಿವಿರು ನೋಡುವವರ ಹಾಗೆ ನೋಡಿದಳು.

"ಅವತ್ತು ಗೋಡೆ ಗಡಿಯಾರ ಇತ್ತಲ್ಲ, ಲೋರೆ, ಅದು ಮೂರು ಸಲ ಹಿಂದಕ್ಕೆ..."

"ಅಳತೆ ಮೀರದೆ ಹೇಳು," ಎಂದಳು ಅವಳು. "ಒಂದು ಸಲ."

ಕೊರಾದೊ ಬೆರಳುಗಳನ್ನು ಮಡಚಿಕೊಂಡ.

"ಒತ್ತಿದ್ದೆ," ಎಂದ. "ಎರಡೂ ಗುಂಡಿ. ನೀನು ಹಾಡು ಮುಗಿಸಿದಾಗ ಐದಕ್ಕೆ ಹದಿನಾಲ್ಕು ನಿಮಿಷ ಇತ್ತು. ಇಲ್ಲಿಂದ ಬಸ್ ನಿಲ್ದಾಣಕ್ಕೆ ಹದಿನೈದು ನಿಮಿಷ. ನೀನು ಸುಮ್ನೆ ಹೊರಟಿದ್ರೆ ಸಿಗ್ತಿತ್ತು. ಇನ್ನೊಂದ್ಸಲ ಹಾಡು, ಮುಂಚೆ ಬೈಗುಳ, ಮತ್ತೆ ತಂತಿ ಬಿಗಿ ಮಾಡೋದು, ಆಮೇಲೆ ಅಳು. ಅಷ್ಟಾದ್ರೆ ಸಿಗಲ್ಲ ಅಂತ ಲೆಕ್ಕ ಹಾಕ್ದೆ."

"ನಾನು ಅಳಲಿಲ್ಲ."

"ಅಳು ನನ್ನದು. ಅದಕ್ಕೂ ಐದು ನಿಮಿಷ ಇಟ್ಕೊಂಡಿದ್ದೆ."

ಅವಳು ನಗಲಿಲ್ಲ. ಎಂಬತ್ತು ಜನ ನಗುವ ಮಾತು ಅದು. ಮೂವತ್ತಾರು ವರ್ಷದಲ್ಲಿ ಅವಳು ನಗಬೇಕಾದ ಕಡೆ ನಗದೆ ಇದ್ದದ್ದನ್ನು ಕೊರಾದೊ ಕಂಡಿರಲಿಲ್ಲ.

"ಆ ಹಡಗಿಗೆ ಅಂತ ಚಪ್ಪಲಿ ತಗೊಂಡಿದ್ದೆ," ಎಂದಳು. "ಬೆಳ್ಳಿ ಬಣ್ಣದ್ದು."

"ಗೊತ್ತು. ಮದುವೇಲಿ ಹಾಕ್ಕೊಂಡೆ."

"ಹಾಕ್ಕೊಂಡೆ. ಕಚ್ತಿತ್ತು." ಅವಳು ಮೇಜಿನ ಮೇಲಿನ ಒಂದು ಉಪ್ಪಿನ ಹರಳನ್ನು ಬೆರಳಿನಲ್ಲಿ ಒತ್ತಿದಳು. "ನನಗೆ ಬೇಜಾರು ಬಸ್ಸಿಗಲ್ಲ ಕೊರಾದೊ. ನೀನು ಕೇಳಲಿಲ್ಲ. ಇರು ಅಂತ ಒಂದು ಮಾತು. ಅದೊಂದು ಬಿಟ್ಟು ಅವತ್ತು ಬೆಳಿಗ್ಗೆಯಿಂದ ಏನೇನೋ ಮಾತಾಡ್ದೆ, ಹಡಗಿನ ಹೊಗೆಕೊಳವೆ ಎಷ್ಟುದ್ದ, ಕ್ಯಾಪ್ಟನ್‌ಗೆ ಎಷ್ಟು ಹೆಂಡ್ತೀರು."

"ಕೇಳಿದ್ರೆ ಇರ್ತಿದ್ಯಾ?"

"ಗೊತ್ತಿಲ್ಲ. ಅದೇ ನಾನು ಹೇಳ್ತಿರೋದು. ಆ ಉತ್ತರ ನನ್ನ ಹತ್ರ ಇರ್ಬೇಕಿತ್ತು. ಈಗ ಯಾರ ಹತ್ರಾನೂ ಇಲ್ಲ."

ಹೊರಗೆ ಯಾರೋ ಸ್ಕೂಟರ್ ಶುರು ಮಾಡಿದರು, ಅದು ಬೀದಿಯ ಇಳಿಜಾರಿನಲ್ಲಿ ದೂರವಾಯಿತು.

"ಮೂವತ್ತಾರು ವರ್ಷ ನಿನ್ನ ಹೆಬ್ಬೆರಳನ್ನ ಕಂಡು ಅಯ್ಯೋ ಪಾಪ ಅಂದಿದೀನಿ," ಎಂದಳು. "ಯಾವ ಯಂತ್ರ ತಂದ್ರೂ ಸೂಚನೆ ಪುಸ್ತಕ ನಾನೇ ಓದ್ದೆ. ಜರ್ಮನ್ ಭಾಷೇದೂ ಓದ್ದೆ."

"ನಾನು ಒತ್ತಬಾರ್ದು ಅಂತ ನಂಗೂ ಅನ್ನಿಸ್ತಿತ್ತು. ಒಳ್ಳೇ ಕೆಲಸಕ್ಕೆ ಒತ್ತಿದ ಬೆರಳಲ್ಲ ಅದು."

ಅವಳು ಎದ್ದಳು. ಅವನಿಗೆ ಅವಳು ಕೋಟು ತೆಗೆದುಕೊಳ್ಳುತ್ತಾಳೆ ಅನ್ನಿಸಿತು. ಕಣ್ಣು ತಾನೇ ತಾನಾಗಿ ಗಡಿಯಾರಕ್ಕೆ ಹೋಯಿತು: ಮೂರೂ ಇಪ್ಪತ್ತು. ಈಗಂತೂ ತ್ರಿಯೆಸ್ತೆಗೆ ಎಷ್ಟೋ ಬಸ್ಸುಗಳಿವೆ. ಎದೆ ಹೊಡೆದುಕೊಂಡಿತು. ಎಷ್ಟು ಹೊಡೆದುಕೊಂಡಿತು ಎಂಬುದಕ್ಕೆ ಒಂದು ಒಳ್ಳೆಯ ಹೋಲಿಕೆಯೂ ಹೊಳೆಯಲಿಲ್ಲ.

"ಇರು," ಎಂದ.

ಲೊರೆದಾನಾ ನಿಂತಳು. ಬೆನ್ನು ಅವನ ಕಡೆಗೇ ಇತ್ತು.

"ಏನಂದೆ?"

"ಇರು ಅಂದೆ."

ಅವಳು ಬಾಗಿಲಿಗೆ ಹೋದಳು. ಬಾಗಿಲ ಹಿಂದಿನ ಅವನ ಕೋಟಿನ ಜೇಬಿನಿಂದ ಆ ಖಾಲಿ ಕ್ಯಾಸೆಟ್ಟನ್ನು ತೆಗೆದಳು. ಹಳೆಯದನ್ನು ಡೆಕ್ಕಿನಿಂದ ತೆಗೆದು ಕಪಾಟಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟಳು. ಹೊಸದನ್ನು ಹಾಕಿ, ಡೆಕ್ಕನ್ನೇ ಎತ್ತಿ ತಂದು ಮೇಜಿನ ಮೇಲೆ ಅವನ ಮುಂದಿಟ್ಟಳು. ಅದು ಇದ್ದ ಜಾಗದಲ್ಲಿ ಕಪಾಟಿನ ಬಣ್ಣ ಇನ್ನೂ ಎಂಬತ್ತೇಳರ ಹಸಿರು.

"ದೂನ್ಯಾಗೆ ಕಥೆ ಬೇಕಂತಲ್ಲ," ಎಂದಳು. "ಹೇಳು."

"ಯಾವುದು?"

"ಈಗ ನಂಗೆ ಹೇಳಿದ್ದು."

"ಮುನ್ನೂರು ಜನ ಕೇಳ್ತಾರೆ ಲೋರೆ."

"ಮುನ್ನೂರೇ? ಮೂರು ಲಕ್ಷ ಅನ್ನೋನು ನೀನು. ಒತ್ತು."

"ನಾನಾ?"

"ಸರಿಯಾಗಿ ಒತ್ತೋಕೆ ಬರುತ್ತಲ್ಲ ನಿಂಗೆ."

ಅವನು ಹೆಬ್ಬೆರಳನ್ನು ಕೆಂಪು ಗುಂಡಿಯ ಮೇಲೂ ತೋರುಬೆರಳನ್ನು ಕಪ್ಪು ಗುಂಡಿಯ ಮೇಲೂ ಇಟ್ಟ. ಅವು ಅವನಿಗೆ ನೆನಪಿದ್ದದ್ದಕ್ಕಿಂತ ಬಿಗಿಯಾಗಿದ್ದವು. ಒತ್ತಿದ. ಎರಡು ಚಕ್ರ ತಿರುಗತೊಡಗಿದವು.

ಲೊರೆದಾನಾ ಕಿಟಕಿಗೆ ಹೋಗಿ ಅದರ ಕದ ತೆರೆದು, ಒಣಗಿದ ಬಟ್ಟೆಗಳನ್ನು ಒಳಗೆಳೆಯಲು ಹಗ್ಗಕ್ಕೆ ಕೈಹಾಕಿದಳು. ಅಂಥ ಗಾಳಿಯೇನೂ ಇರಲಿಲ್ಲ. ಬೀದಿಯ ಮೇಲೆ ಅವನ ಎರಡು ಅಂಗಿ, ದಂತವೈದ್ಯರ ಮೂರು ಬಿಳಿ ಕೋಟು, ಇವಳ ಒಂದು ಲಂಗ.

"ಲೊರೆದಾನಾ ಮೊದಲ ಸಲ ಈ ಹಾಡು ಹಾಡಿದ ದಿನ," ಎಂದು ಕೊರಾದೊ ಶುರು ಮಾಡಿದ, ವೇದಿಕೆಯ ದನಿಯಲ್ಲಿ. ಅಲ್ಲಿಗೆ ನಿಂತ. ಗಂಟಲು ಸರಿ ಮಾಡಿಕೊಂಡ. "ಗಾಳಿ ನಿಂತಿರಲಿಲ್ಲ. ಜೋರಾಗಿ ಬೀಸ್ತಾ ಇತ್ತು. ಹಕ್ಕಿಗಳು ಎಲ್ಲಿದ್ವೋ ನಾನು ನೋಡ್ಲಿಲ್ಲ. ಅವಳು ಚೆನ್ನಾಗಿ ಹಾಡಿದ್ಲು, ಮೊದಲನೇ ಸಲಾನೇ. ನಾನು ಗುಂಡಿ ಒತ್ತಿದ್ದೆ. ಒತ್ತಿಲ್ಲ ಅಂತ ಹೇಳ್ದೆ. ಅವಳು ಹೋಗೋದು ನಂಗೆ ಬೇಕಿರ್ಲಿಲ್ಲ, ಅದನ್ನ ಹೇಳೋಕೆ ಬರ್ಲಿಲ್ಲ. ಬಾಕಿ ಎಲ್ಲ ಹೇಳೋಕೆ ಬರುತ್ತೆ. ಅದೊಂದು ಬರ್ಲಿಲ್ಲ."

 ಚಕ್ರಗಳು ತಿರುಗುತ್ತಲೇ ಇದ್ದವು.

"ಆಯ್ತಾ?" ಎಂದಳು ಲೊರೆದಾನಾ, ತಿರುಗದೆ.

ಕೊರಾದೊ ಡೆಕ್ಕನ್ನು ನೋಡಿದ.

"ಇಲ್ಲ," ಎಂದ. "ಇನ್ನೂ ಓಡ್ತಾ ಇದೆ."

ಅವಳು ಹಗ್ಗ ಎಳೆದಳು. ಬೀದಿಯಾಚೆಯ ರಾಟೆ ಕಿರ್ರ್ ಎಂದಿತು, ಆಮೇಲೆ ಈ ಕಡೆಯದು. ಅಂಗಿಗಳು ಒಂದೊಂದಾಗಿ ಕಿಟಕಿಯ ಕಡೆಗೆ ಬರತೊಡಗಿದವು.